ಬಾಲಗಂಟು

"ಅಕ್ಕಾ, ಹಗ್ಗಕ್ಕೆ ಎಣ್ಣೆ ಗಿಣ್ಣೆ ಸವರಿ ಇಟ್ಟಿಲ್ಲ ತಾನೆ?" ಎಂದು ಡ್ರೈವರ್ ಹಲ್ಲು ಕಿರಿದ. ಅವಳ ಕೈಯಲ್ಲಿದ್ದ ಹಗ್ಗದ ಸುರುಳಿಯನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಮರದ ಬುಡಕ್ಕೆ ಹೋದ.

ಐದು ವಾರದ ಹಿಂದೆ ಆಗಿದ್ದರೆ ಹಗ್ಗದಕ್ಕ ಈ ಮಾತಿಗೆ ಅವನ ಜನ್ಮ ಜಾಲಾಡಿಬಿಡುತ್ತಿದ್ದಳು. ಈಗ ಯಾವ ಬಾಯಲ್ಲಿ ಬೈಯುವುದು? ಗೋಣಿಚೀಲ ಹಾಸಿಕೊಂಡು, ಕತ್ತಿ ಹಿಡಿದು, ಬಿದ್ದ ರೆಂಬೆಗಳ ಸೊಪ್ಪು ಸವರಲು ಕೂತಳು. ಇಪ್ಪತ್ತೊಂದು ವರ್ಷ ಹಗ್ಗ ಹಿಡಿದವಳಿಗೆ ಸೊಪ್ಪು ಸವರುವ ಕೆಲಸ! ಹಗ್ಗ ಹಿಡಿಯುವವನು ಯಾರು ಅಂದರೆ ವ್ಯಾನು ಓಡಿಸುವ ಡ್ರೈವರ್. ಮೂರು ಸುತ್ತಿಗೂ ನಾಲ್ಕು ಸುತ್ತಿಗೂ ಏನಯ್ಯಾ ವ್ಯತ್ಯಾಸ ಎಂದು ಕೇಳಿದರೆ "ಒಂದು" ಅನ್ನುವ ಪುಣ್ಯಾತ್ಮ.

ಮನೆಗಳ ಮೇಲೆ ಬಾಗಿದ ಮರಗಳನ್ನು ತುಂಡು ತುಂಡಾಗಿ ಇಳಿಸುವುದು ಅವರ ಕಸುಬು. ಕಡಿಯುವುದು ಕತ್ತಿ ಇದ್ದವರಿಗೆಲ್ಲ ಬರುತ್ತದೆ, ಇಳಿಸುವುದು ಬರಬೇಕಲ್ಲ! ಅವಳ ತಮ್ಮ ಮರ ಹತ್ತಿ, ಗಟ್ಟಿ ಕವಲೊಂದಕ್ಕೆ ರಾಟೆ ಕಟ್ಟಿ, ಅದರೊಳಗೆ ಹಗ್ಗ ಹಾಯಿಸಿ, ಒಂದು ತುದಿಯನ್ನು ಕಡಿಯಬೇಕಾದ ಕೊಂಬೆಗೆ ಬಿಗಿಯುತ್ತಾನೆ. ಇನ್ನೊಂದು ತುದಿ ಕೆಳಗೆ ಬಂದು, ಬುಡಕ್ಕೆ ಎರಡೋ ಮೂರೋ ಸುತ್ತು ಸುತ್ತಿಕೊಂಡು, ಹಿಡಿಯುವವರ ಕೈ ಸೇರುತ್ತದೆ. ಕೊಂಬೆಯ ಭಾರ ಹೊರುವುದು ಆ ಸುತ್ತುಗಳು. ಕೈ ಮಾಡಬೇಕಾದದ್ದು ಹಗ್ಗವನ್ನು ಅಳತೆಯಲ್ಲಿ ಬಿಡುವುದು, ಅಷ್ಟೆ. ಒಂದು ಸುತ್ತು ಕಡಿಮೆಯಾಯಿತೋ, ಕೊಂಬೆ ದಡದಡ ಇಳಿದು ಕೆಳಗಿದ್ದದ್ದನ್ನು ಜಜ್ಜುತ್ತದೆ. ಒಂದು ಸುತ್ತು ಹೆಚ್ಚಾಯಿತೋ, ನಡುದಾರಿಯಲ್ಲಿ ಗಕ್ಕನೆ ನಿಂತು, ಆ ಏಟಿಗೆ ಮರವೇ ಅದುರಿ, ಮೇಲೆ ಕೂತವನ ಹಲ್ಲು ಅಲುಗಾಡುತ್ತವೆ. ಕೊಂಬೆಯನ್ನು ಕಣ್ಣಲ್ಲಿ ನೋಡಿಯೇ ಇದಕ್ಕೆ ಇಷ್ಟು ಸುತ್ತು ಎಂದು ಹೇಳುತ್ತಿದ್ದವಳು ಅವಳು. ಜನ ಅವಳನ್ನು ಹಗ್ಗದಕ್ಕ ಎಂದು ಕರೆದದ್ದು ಸುಮ್ಮನೆ ಅಲ್ಲ.

ಐದು ವಾರದ ಹಿಂದೆ ಆ ಹಗ್ಗ ಅವಳ ಕೈಯಿಂದ ಜಾರಿತ್ತು. ಕೊಂಬೆ ಬಿದ್ದದ್ದು ಅವಳ ಗಂಡನ ಬಲಗಾಲಿನ ಮೇಲೆ. ಪಕ್ಕಕ್ಕೆ ನಿಂತು, ಕೊಂಬೆ ಗೋಡೆಗೆ ತಾಗದ ಹಾಗೆ ಎಳೆಹಗ್ಗ ಹಿಡಿದಿದ್ದ ಪಾಪದ ಮನುಷ್ಯ. ಪಾದದ ಮೂಳೆ ಮೂರು ಕಡೆ ಮುರಿದು, ಒಳಗೆ ಕಂಬಿ ಹಾಕಿದರು. ಇನ್ನು ಮೇಲೆ ಕುಂಟುವುದು ತಪ್ಪುವುದಿಲ್ಲ ಎಂದರು ಡಾಕ್ಟರು.

ಅವತ್ತು ಬೆಳಿಗ್ಗೆ ಅವಳು ಗಂಡನ ಜೊತೆ ಜಗಳ ಆಡಿಕೊಂಡು ಹೊರಟಿದ್ದಳು. ನಲ್ಲಿ ಸೋರುತ್ತಿದೆ, ಸರಿ ಮಾಡಿ ಎಂದು ತಿಂಗಳಿಂದ ಬಡಕೊಂಡರೂ ಆ ಮನುಷ್ಯ ಕಿವಿಗೆ ಹಾಕಿಕೊಂಡಿರಲಿಲ್ಲ. ಅದೇ ಸಿಟ್ಟು ತಲೆಯಲ್ಲಿ ಕುದಿಯುತ್ತಿತ್ತು, ಅದಕ್ಕೇ ಕೈ ತಪ್ಪಿತು ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು. ಐದು ವಾರ ಅವನ ಕಾಲು ತೊಳೆದಳು, ಪಟ್ಟಿ ಕಟ್ಟಿದಳು, ಬೆನ್ನು ಉಜ್ಜಿದಳು. ದಿನಾ ಸಂಜೆ ಪಟ್ಟಿ ಬಿಚ್ಚುವಾಗ ಆ ಊದಿದ ಪಾದ ನೋಡಿ ಕಣ್ಣೀರು ಹಾಕಿಕೊಂಡು "ತಪ್ಪಾಯ್ತು ರೀ, ನನ್ನ ಕೈಗಿಷ್ಟು ಬೆಂಕಿ ಬೀಳ" ಎನ್ನುವುದು, ಅವನು ಗೋಡೆ ನೋಡುತ್ತಾ "ಆಗಿದ್ದು ಆಯ್ತು, ಬಿಡು" ಎನ್ನುವುದು. ಎಂಥಾ ದೊಡ್ಡ ಮನಸ್ಸು ಇವರದು ಎಂದು ಅವಳಿಗೆ ಇನ್ನಷ್ಟು ಅಳು ಬರುತ್ತಿತ್ತು.

"ಕೈಲಿದೆಯಾ?" ಎಂದು ತಮ್ಮ ಮೇಲಿಂದ ಕೂಗಿದ.

"ಇದೆ!" ಎಂದ ಡ್ರೈವರ್.

ಅದು ಅವರ ಕಟ್ಟುನಿಟ್ಟು. ಕೆಳಗಿನಿಂದ 'ಇದೆ' ಎಂದು ಬರದೆ ಮೇಲಿನವನು ಗರಗಸ ತಾಗಿಸುವ ಹಾಗಿಲ್ಲ. ಗರಗಸ ಗೊರ್ರೆಂದಿತು. ಮನೆಯ ಹಿತ್ತಲ ಕಡೆಗೆ ಚಾಚಿದ್ದ ತೋಳು ದಪ್ಪದ ಕೊಂಬೆಯೊಂದು ಮುರಿದು, ಹಗ್ಗಕ್ಕೆ ಜೋತು, ಅರ್ಧ ಸುತ್ತು ತಿರುಗಿತು. ತಿರುಗಿದ್ದೇ ತಡ, ದೊಪ್ಪೆಂದು ಕೆಳಗೆ ಬಿತ್ತು. ಮನೆಯೊಡತಿ ಟೀಚರಮ್ಮನ ಹೂಕುಂಡ ಒಂದು ಚೂರುಚೂರಾಯಿತು. ಇತ್ತ ಡ್ರೈವರ್ ಹಿಂದಕ್ಕೆ ಮುಗ್ಗರಿಸಿ, ಅಂಡೂರಿ ಕೂತಿದ್ದ. ಹಗ್ಗ ಅವನ ಎರಡೂ ಕೈಯಲ್ಲಿ ಭದ್ರವಾಗಿತ್ತು.

"ಲೋ, ಗಟ್ಟಿಯಾಗಿ ಹಿಡ್ಕೊಳ್ಳೋಕೆ ಏನು ದಾಡಿ ನಿಂಗೆ?" ಎಂದು ತಮ್ಮ ಮೇಲಿಂದ ಹರಿಹಾಯ್ದ. "ಜಾರಿಸ್ಬಿಟ್ಯಲ್ಲೋ!"

"ಅಯ್ಯೋ, ನಾನೆಲ್ಲಿ ಜಾರಿಸ್ದೆ? ಇಲ್ಲೇ ಇದೆಯಲ್ಲಾ ಹಗ್ಗ!"

"ಇದೆ ಕಣೋ, ಕೊಂಬೆ ಬಿದ್ಮೇಲೆ ಇದೆ!"

ಡ್ರೈವರ್ ತನ್ನ ಕೈಯನ್ನೇ ಪೆಚ್ಚಾಗಿ ನೋಡಿಕೊಂಡ. ಅವನಿಗೂ ಅನುಮಾನ ಬಂದಿರಬೇಕು.

ಹಗ್ಗದಕ್ಕ ಕತ್ತಿ ಕೆಳಗಿಟ್ಟಳು. ಡ್ರೈವರ್ ಹಿಂದಕ್ಕೆ ಬಿದ್ದಿದ್ದ. ಅವಳೂ ಅವತ್ತು ಹಿಂದಕ್ಕೇ ಬಿದ್ದಿದ್ದಳು. ಬೆನ್ನು ನೆಲಕ್ಕೆ ಬಡಿದದ್ದು, ಆಕಾಶ ಕಂಡದ್ದು, ಆಮೇಲೆ ಗಂಡನ ಕೂಗು ಕೇಳಿದ್ದು, ಎಲ್ಲ ನೆನಪಿದೆ. ಹಗ್ಗ ಕೈಯಿಂದ ಜಾರಿದರೆ ಮನುಷ್ಯ ಹಿಂದಕ್ಕೆ ಬೀಳುತ್ತಾನೆಯೇ? ಮುಂದಕ್ಕೆ ಎಳೆದುಕೊಂಡು ಹೋಗಿ ಮರಕ್ಕೆ ಮುಖ ಬಡಿಯುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಮ್ಮೆ ನಿಜವಾಗಿಯೂ ಜಾರಿತ್ತು. ಅಂಗೈ ಸಿಪ್ಪೆ ಸುಲಿದು, ಹದಿನೈದು ದಿನ ಬಟ್ಟೆ ಹಿಂಡಲಾಗಿರಲಿಲ್ಲ.

ಎದ್ದು ಡ್ರೈವರ್ ಹತ್ತಿರ ಬಂದಳು. "ಕೈ ತೋರ್ಸು."

"ಯಾಕಕ್ಕಾ, ಭವಿಷ್ಯ ಹೇಳ್ತೀರಾ?"

"ತೋರ್ಸೋ ಅಂದ್ರೆ!"

ಅಂಗೈಯಲ್ಲಿ ಒಂದು ಗೀರೂ ಇಲ್ಲ. ಅವಳು ತನ್ನ ಅಂಗೈ ನೋಡಿಕೊಂಡಳು. ಇಪ್ಪತ್ತೊಂದು ವರ್ಷದ ಹಳೇ ಗುರುತು ಬಿಟ್ಟರೆ ಅಲ್ಲೂ ಏನಿಲ್ಲ. ಐದು ವಾರದಲ್ಲಿ ಒಮ್ಮೆಯಾದರೂ ಈ ಕೈ ನೋಡಿಕೊಂಡಿದ್ದರೆ! ಶಾಪ ಹಾಕುವುದಕ್ಕೆ ಪುರುಸೊತ್ತಿತ್ತು, ನೋಡುವುದಕ್ಕೆ ಇರಲಿಲ್ಲ. ಬಿದ್ದ ಕೊಂಬೆಯ ಬಳಿ ಹೋಗಿ ತಿರುಗಿಸಿದಳು. ಅದಕ್ಕೆ ಹಗ್ಗವೇ ಇರಲಿಲ್ಲ. ಹಗ್ಗದ ಆ ತುದಿ ಮೇಲೆ ರಾಟೆಯಿಂದ ಬರಿದಾಗಿ ತೂಗಾಡುತ್ತಿತ್ತು, ತಮ್ಮ ಅದನ್ನು ಅವಸರವಸರವಾಗಿ ಮೇಲಕ್ಕೆ ಸೇದಿಕೊಳ್ಳುತ್ತಿದ್ದ.

ಗಂಟು ಬಿಚ್ಚಿಕೊಂಡಿತ್ತು!

ಕೊಂಬೆಗೆ ಎರಡು ಸುತ್ತು ಹಾಕಿ ಬಿಗಿದ ಗಂಟು ನೋಡಲು ಭದ್ರವೇ. ಆದರೆ ಕೊಂಬೆ ಬೀಳುವಾಗ ತಿರುಗಿದರೆ ಗಂಟೂ ಅದರ ಜೊತೆ ಉರುಳಿ ಸಡಿಲವಾಗುತ್ತದೆ. ಅದಕ್ಕೇ ಉಳಿದ ತುದಿಯನ್ನು ಇನ್ನೆರಡು ಸಲ ಕುಣಿಕೆ ಹಾಕಿ ಕಚ್ಚಿಸಬೇಕು. ಅವರ ಮಾತಲ್ಲಿ ಅದು ಬಾಲಗಂಟು. ಅರ್ಧ ನಿಮಿಷದ ಕೆಲಸ. ತಮ್ಮನಿಗೆ ಹನ್ನೆರಡು ವರ್ಷ ಇದ್ದಾಗ ಅಡುಗೆಮನೆಯ ಒನಕೆಗೆ ಸೆಣಬಿನ ಹುರಿ ಕಟ್ಟಿಸಿ ಅದನ್ನು ಕಲಿಸಿದವಳು ಅವಳೇ. ಹಗ್ಗ ಹಿಡಿದಷ್ಟು ವರ್ಷ ಅವಳ ಕಣ್ಣು ಸುತ್ತುಗಳ ಮೇಲಿರುತ್ತಿತ್ತು, ಕೊಂಬೆ ಇಳಿಯುವ ಜಾಗದ ಮೇಲಿರುತ್ತಿತ್ತು. ಮೇಲೆ ಅವನು ಏನು ಕಟ್ಟುತ್ತಾನೆಂದು ತಲೆಯೆತ್ತಿ ನೋಡಿದವಳಲ್ಲ. ನೋಡುವುದೇನು, ಅವಳೇ ಕಲಿಸಿದ್ದಲ್ಲವೇ?

ಈಗ ನೋಡಿದಳು. ತಮ್ಮ ಮುಂದಿನ ಕೊಂಬೆಗೆ ಹಗ್ಗ ಸುತ್ತುತ್ತಿದ್ದ. ಇದು ಸಣ್ಣದಲ್ಲ, ಮನುಷ್ಯನ ಸೊಂಟದ ದಪ್ಪ, ಟೀಚರಮ್ಮನ ಅಡುಗೆಮನೆಯ ಹೆಂಚಿನ ಮೇಲೇ ಮಲಗಿದ ಹಾಗಿತ್ತು. ಎರಡು ಸುತ್ತು ಹಾಕಿದ. ಬಿಗಿದ. ಬಾಲಗಂಟು ಹಾಕುತ್ತಾನೆಂದು ಅವಳು ಕಾದಳು. ಅವನು ಗರಗಸಕ್ಕೆ ಕೈ ಹಾಕಿದ.

"ಕೈಲಿದೆಯಾ?"

ಡ್ರೈವರ್ "ಇ..." ಅನ್ನುವಷ್ಟರಲ್ಲಿ ಹಗ್ಗದಕ್ಕ ಅವನನ್ನು ತಳ್ಳಿ, ಬುಡಕ್ಕೆ ಸುತ್ತಿದ್ದ ಹಗ್ಗವನ್ನು ಸರಸರ ಬಿಚ್ಚಿ ನೆಲಕ್ಕೆ ಎಸೆದು, ಅದರ ಮೇಲೆ ಎರಡೂ ಕಾಲಿಟ್ಟು ನಿಂತಳು.

"ಇಲ್ಲ!" ಎಂದಳು. ಎರಡು ಬೀದಿಯಾಚೆಗೂ ಕೇಳಿಸಿರಬೇಕು. "ಇಲ್ಲ ಕಣೋ! ಯಾರ ಕೈಲೂ ಇಲ್ಲ!"

"ಅಕ್ಕಾ? ಏನದು ಹುಡುಗಾಟ?"

"ಅವತ್ತು ಬಾಲಗಂಟು ಹಾಕಿದ್ಯಾ?"

ಗರಗಸ ಸುಮ್ಮನೆ ಗುರುಗುಟ್ಟುತ್ತಿತ್ತು.

"ಅದನ್ನ ಆಫ್ ಮಾಡಿ ಉತ್ತರ ಕೊಡು! ನಿಮ್ಮ ಭಾವನ ಕಾಲು ಮುರೀತಲ್ಲ, ಅವತ್ತು! ಬಾಲಗಂಟು ಹಾಕಿದ್ಯಾ, ಇಲ್ವಾ?"

"ಈಗ್ಯಾಕೆ ಅದು... ಕೆಲಸದ ಹೊತ್ತಲ್ಲಿ... ಇಳಿದ್ಮೇಲೆ ಮಾತಾಡೋಣ ಅಕ್ಕಾ."

"ಇಳಿದ್ಮೇಲೆ ನೀನು ವ್ಯಾನ್ ಹತ್ತಿ ಓಡ್ತೀಯ. ನಂಗೊತ್ತಿಲ್ವಾ ನಿನ್ನ? ಅಲ್ಲೇ ಕೂತ್ಕೊಂಡು ಹೇಳು!"

ಗದ್ದಲಕ್ಕೆ ಟೀಚರಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಮೂವತ್ತು ವರ್ಷ ತರಗತಿ ಸಂಭಾಳಿಸಿ ರಿಟೈರಾದ ಹೆಂಗಸು, ಗಲಾಟೆಗೆ ಹೆದರುವವರಲ್ಲ. "ಏನಮ್ಮ ಇದು, ಮೀನು ಮಾರ್ಕೆಟ್ಟಾ?" ಎಂದರು. ಆಮೇಲೆ ಮೇಲೆ ನೋಡಿ, "ಆ ಕೊಂಬೆ ನನ್ನ ಒಲೆ ಮೇಲೇ ಇದೆಯಲ್ಲಾ!" ಎಂದು ಎರಡು ಹೆಜ್ಜೆ ಹಿಂದೆ ಸರಿದರು.

"ಅದಕ್ಕೇ ಮೇಡಂ, ಹೊರಗೇ ಇರಿ. ಇವ್ನು ಕಟ್ಟಿರೋ ಗಂಟು ನೋಡಿದ್ರೆ ನಿಮ್ಮ ಒಲೆ ಇವತ್ತಿಗೆ ಮುಗೀತು ಅಂತ ಲೆಕ್ಕ."

"ಅಕ್ಕಾ, ಗಿರಾಕಿ ಮುಂದೆ ಮಾನ ಕಳೀಬೇಡ!"

ಮಾನ! ಆ ಒಂದು ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು. "ನಿನ್ನ ಮಾನಾನಾ? ಐದು ವಾರದಿಂದ ನನ್ನ ಮಾನ ಬೀದೀಲಿ ಬಿದ್ದಿದೆಯಲ್ಲೋ, ಅದನ್ನ ಯಾರು ಎತ್ತಿಡ್ತಾರೆ? ವ್ಯಾನು ಓಡ್ಸೋ ಇವನೂ ನನ್ನ ನೋಡಿ ನಗ್ತಾನೆ. ಗಂಡನ ಕಾಲು ಮುರಿದೋಳು ಅಂತ ಬೀದಿ ಹೆಂಗಸ್ರು ಗುಸುಗುಸು ಅಂತಾರೆ. ರಾತ್ರಿ ನಿದ್ದೆ ಇಲ್ಲ, ತಟ್ಟೆ ಮುಂದೆ ಕೂತ್ರೆ ತುತ್ತು ಇಳಿಯಲ್ಲ ನಂಗೆ! ಅವ್ವ ಸತ್ತಾಗ ನಿನ್ನ ಸೊಂಟದ ಮೇಲೆ ಹೊತ್ಕೊಂಡು ಸಾಕ್ದೆನಲ್ಲಾ, ಅದಕ್ಕಾ ಇದು? ಹೇಳೋ!"

ಡ್ರೈವರ್ ನೆಲ ನೋಡಿದ. ಮೇಲೆ ತಮ್ಮ ಗರಗಸ ಆರಿಸಿದ. ನಡುಗಟ್ಟಿನ ಹಗ್ಗಕ್ಕೆ ಒರಗಿ, ಮುಖ ಆಚೆ ತಿರುಗಿಸಿಕೊಂಡು ಏನೋ ಅಂದ.

"ಕೇಳಿಸ್ಲಿಲ್ಲ."

"ಹಾಕಿರ್ಲಿಲ್ಲ ಅಂದೆ."

"ಜೋರಾಗಿ! ಇವ್ನಿಗೂ ಕೇಳಿಸ್ಬೇಕು, ಮೇಡಂಗೂ ಕೇಳಿಸ್ಬೇಕು."

"ಬಾಲಗಂಟು ಹಾಕಿರ್ಲಿಲ್ಲ ಅವತ್ತು! ನಿನ್ನ ಕೈ ಜಾರ್ಲಿಲ್ಲ, ಗಂಟು ಬಿಚ್ಕೊಂಡಿದ್ದು! ಆಯ್ತಾ?" ಕೂಗಿ ಅವನ ದನಿ ಒಡೆದಿತ್ತು. "ದಿನಕ್ಕೆ ಮೂವತ್ತು ಕೊಂಬೆ ಅಕ್ಕಾ. ಒಂದೊಂದಕ್ಕೂ ಬಾಲಗಂಟು ಹಾಕ್ತಾ ಕೂತ್ರೆ ಎರಡು ಮರ ಮುಗಿಯೋ ಹೊತ್ತಲ್ಲಿ ಒಂದು ಮುಗಿಯುತ್ತೆ. ಎರಡು ವರ್ಷದಿಂದ ಬಿಟ್ಟಿದ್ದೆ. ಏನೂ ಆಗಿರ್ಲಿಲ್ಲ."

"ಮತ್ತೆ ನಾನು ಜಾರಿಸ್ದೆ ಅಂತ ಯಾಕಂದೆ?"

"ನೀನು ಭಾವನ ಹತ್ರ ಓಡಿದ್ದೆ. ನಾನು ಇಳಿದು ಬಂದು ಹಗ್ಗ ಸುತ್ಕೊಂಡೆ. ನೀನೇ ಕೇಳ್ದೆ, ನನ್ನ ಕೈ ತಪ್ತಾ ಅಂತ. ಹೂಂ ಅಂದ್ಬಿಟ್ಟೆ. ಬಾಯಿಗೆ ಬಂದುಬಿಡ್ತು. ಆಮೇಲೆ ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ... ಭಾವನೂ ಈಗ ಬೇಡ ಬಿಡು ಅಂದ್ರು."

"ಯಾರು?"

ತಮ್ಮನಿಗೆ ತಾನು ಏನು ಹೇಳಿಬಿಟ್ಟೆ ಎಂಬುದು ಆಗ ಗೊತ್ತಾಯಿತು. ನಾಲಿಗೆ ಕಚ್ಚಿಕೊಂಡ.

"ಯಾರು ಬೇಡ ಅಂದಿದ್ದು?"

"ಭಾವ ಕೆಳಗೇ ಇದ್ರಲ್ಲ ಅಕ್ಕಾ. ನೋಡಿದ್ರು ಅವ್ರು."

ಹಗ್ಗದಕ್ಕನಿಗೆ ಆಸ್ಪತ್ರೆಯಲ್ಲಿ ಗಂಡನ ಹಾಸಿಗೆಯ ಕೆಳಗೆ ಪೇಪರ್ ಹಾಸಿಕೊಂಡು ಮಲಗಿದ್ದ ನಾಲ್ಕು ರಾತ್ರಿ ನೆನಪಾಯಿತು. ಸಂಜೆ ಸಂಜೆ ಆ ಮನುಷ್ಯ ಗೋಡೆ ನೋಡುತ್ತಿದ್ದದ್ದು ಯಾಕೆಂದು ಈಗ ಹೊಳೆಯಿತು. ದೊಡ್ಡ ಮನಸ್ಸಂತೆ, ದೊಡ್ಡ ಮನಸ್ಸು!

"ನೀರು ತರ್ಲಾಮ್ಮ?" ಎಂದರು ಟೀಚರಮ್ಮ ಮೆಲ್ಲಗೆ.

"ಬೇಡ ಮೇಡಂ. ಕೆಲಸ ಇದೆ." ಕತ್ತೆತ್ತಿದಳು. "ಲೋ! ಬಾಲಗಂಟು ಹಾಕು. ಎರಡು ಕುಣಿಕೆ. ಎಳೆದು ತೋರ್ಸು."

ತಮ್ಮ ತೆಪ್ಪಗೆ ಹಾಕಿದ. ಎಳೆದು ತೋರಿಸಿದ. "ಇನ್ನೊಂದ್ಸಲ ಎಳಿ" ಎಂದಳು. ಎಳೆದ.

ಅವಳು ಹಗ್ಗ ಎತ್ತಿಕೊಂಡಳು. ಡ್ರೈವರ್ ತಾನಾಗಿಯೇ ಪಕ್ಕಕ್ಕೆ ಸರಿದು ಎಳೆಹಗ್ಗ ಹಿಡಿದ. ಬುಡಕ್ಕೆ ಮೂರು ಸುತ್ತು ಹಾಕಿದಳು. ಕೊಂಬೆಯನ್ನು ಇನ್ನೊಮ್ಮೆ ನೋಡಿ, ಹೆಂಚಿನಿಂದ ಅದಕ್ಕಿದ್ದ ಅಂತರ ನೋಡಿ, ಅರ್ಧ ಸುತ್ತು ಬಿಚ್ಚಿದಳು. ಕಾಲು ಅಗಲಿಸಿ ನಿಂತು, ಮೇಲಿಂದ ಪ್ರಶ್ನೆ ಬಂದಾಗ ಉತ್ತರ ಕೊಟ್ಟಳು. ಗರಗಸ ಕೊರೆಯಿತು. ಕೊಂಬೆ ಲಟ್ಟೆಂದು ಮುರಿದು ಹೆಂಚಿನ ಕಡೆ ವಾಲಿತು. ಟೀಚರಮ್ಮ ಸೌಟಿನಿಂದಲೇ ಬಾಯಿ ಮುಚ್ಚಿಕೊಂಡರು.

ಹಗ್ಗ ಬಿಗಿಯಿತು, ಗಂಟು ಕಚ್ಚಿತು. ಹಗ್ಗದಕ್ಕ ಭಾರವನ್ನು ತಡೆಯಲಿಲ್ಲ, ಒಂದು ಮೊಳ ಓಡಲು ಬಿಟ್ಟಳು, ಆಮೇಲೆ ಮೆಲ್ಲಗೆ ಹಿಡಿದಳು, ಮತ್ತೆ ಬಿಟ್ಟಳು. ಕೊಂಬೆ ಹೆಂಚಿನ ಅಂಚನ್ನು ಗೇಣಿನ ಅಂತರದಲ್ಲಿ ದಾಟಿ, ಒಮ್ಮೆ ತಿರುಗಿ, ಮಲಗಿದ ಮಗುವನ್ನು ಹಾಸಿಗೆಗೆ ಹಾಕಿದ ಹಾಗೆ ಹಿತ್ತಲಲ್ಲಿ ಕೂತಿತು. ಅವಳ ಮೈಯಲ್ಲಿ ಸಿಟ್ಟು ಇನ್ನೂ ಕುದಿಯುತ್ತಲೇ ಇತ್ತು. ಅವತ್ತಿನ ನಲ್ಲಿ ಜಗಳದ ಸಿಟ್ಟು ಇದರ ಮುಂದೆ ಏನೇನೂ ಅಲ್ಲ. ಆದರೂ ಕೈ ಒಂದು ಬೆರಳಷ್ಟೂ ತಪ್ಪಿರಲಿಲ್ಲ.

"ಅಬ್ಬಾ!" ಎಂದ ಡ್ರೈವರ್. ಆಮೇಲೆ, ಕೆಮ್ಮಿ, "ಎಣ್ಣೆ ಮಾತು ಮನಸ್ಸಲ್ಲಿ ಇಟ್ಕೋಬೇಡಿ ಅಕ್ಕಾ" ಎಂದ.

"ಇಟ್ಕೋತೀನಿ" ಎಂದಳು ಅವಳು. "ಮುಂದಿನ ಕೊಂಬೆ."

ಹದಿನೇಳು ಕೊಂಬೆ ಇಳಿಸಿದರು. ಒಂದೊಂದಕ್ಕೂ ಅವಳು ಬಾಲಗಂಟು ಎಳೆಸಿ ನೋಡಿದಳು. ಮರ ಇಳಿದ ತಮ್ಮ ಮುಂದೆ ಬಂದು ನಿಂತು, ಅಳುವ ಮುಖ ಮಾಡಿಕೊಂಡು "ಅಕ್ಕಾ" ಎಂದ. ಅವಳು ಹಗ್ಗ ಸುತ್ತಿ ಚೀಲಕ್ಕೆ ತುಂಬುತ್ತಿದ್ದಳು. "ನಾಳೆ ಏಳು ಗಂಟೆಗೆ ಬಾ" ಎಂದಳು ತಲೆಯೆತ್ತದೆ. "ನಮ್ಮ ಬೀದಿ ಕೊನೇ ಮನೆಯಿಂದ ಶುರು ಮಾಡೋಣ. ಒಂದೊಂದು ಬಾಗಿಲಲ್ಲೂ ನಿಂತು ಹೇಳ್ತೀಯ, ಇವತ್ತು ಹೇಳಿದ್ದನ್ನೇ. ಹೇಳಿ ಮುಗಿಯೋವರೆಗೆ ಅಕ್ಕ ಗಿಕ್ಕ ಅಂತ ನನ್ನ ಕರೀಬೇಡ." ವ್ಯಾನು ಹತ್ತದೆ ನಡೆದುಕೊಂಡೇ ಮನೆಗೆ ಹೊರಟಳು. ಮೂರು ಮೈಲಿ.

ಗಂಡ ಮಂಚದ ಮೇಲೆ ಎರಡು ದಿಂಬಿಗೆ ಒರಗಿ, ಪಟ್ಟಿ ಸುತ್ತಿದ ಕಾಲನ್ನು ಮೂರನೆಯ ದಿಂಬಿನ ಮೇಲಿಟ್ಟುಕೊಂಡು ಟೀವಿ ನೋಡುತ್ತಿದ್ದ. "ಬಂದ್ಯಾ? ಹೊತ್ತಾಯ್ತಲ್ಲ. ಒಂದು ಲೋಟ ನೀರು ಕೊಡು" ಎಂದ.

ಅವಳು ಟೀವಿ ಆರಿಸಿ, ಎದುರಿನ ಕುರ್ಚಿಯಲ್ಲಿ ಕೂತಳು. ಕೂತವಳ ಮುಖ ನೋಡಿಯೇ ಅವನಿಗೆ ಎಲ್ಲ ತಿಳಿದುಹೋಯಿತು.

"ಹೇಳಿಬಿಟ್ನಾ ಅವ್ನು?"

"ನಿಮಗೆ ಯಾವಾಗ ಗೊತ್ತಾಯ್ತು?"

ಗಂಡ ದಿಂಬಿನ ಅಂಚು ಸರಿ ಮಾಡಿದ. "ಅವಾಗ್ಲೇ. ನಾನು ನೋಡ್ತಿದ್ನಲ್ಲ. ನೀನು ಹಿಂದಕ್ಕೆ ಬಿದ್ದೆ, ಹಗ್ಗ ನಿನ್ನ ಕೈಲೇ ಇತ್ತು. ಕೊಂಬೆ ಬರಿದಾಗಿ ಬಂತು."

"ಮತ್ತೆ ಬಾಯಿ ಬಿಡ್ಲಿಲ್ಲ."

"ಅವ್ನಿಗೆ ಹೆಸರು ಕೆಟ್ರೆ ಮತ್ಯಾರು ಮರ ಹತ್ತಿಸ್ತಾರೆ? ನಮ್ಮೆಲ್ರ ಅನ್ನ ಅಲ್ವಾ ಅದು?"

"ನನ್ನ ಹೆಸರು ಕೆಟ್ರೆ ಪರವಾಗಿಲ್ಲ."

"ಹಾಗಲ್ವೇ..."

"ಸರಿ, ಹೊರಗಿನೋರಿಗೆ ಹೇಳ್ಬೇಡಿ. ನಂಗೆ ಹೇಳ್ಬಹುದಿತ್ತಲ್ಲ? ಈ ಬಾಗಿಲು ಹಾಕ್ಕೊಂಡು, ಈ ಮಂಚದ ಮೇಲೆ ಕೂತು, ನಿಂದಲ್ಲ ಕಣೇ ತಪ್ಪು ಅಂತ ಒಂದು ಮಾತು? ದಿನಾ ನಿಮ್ಮ ಕಾಲು ಹಿಡ್ಕೊಂಡು ಅಳ್ತಿದ್ನಲ್ಲ, ಆಗ?"

ಗಂಡ ಕಾಲಿನ ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆದ. ಸುಳ್ಳು ಹುಡುಕುತ್ತಿದ್ದಾನೆಂದು ಅವಳು ಅಂದುಕೊಂಡಳು. ಆದರೆ ಅವನು ಕೊನೆಗೆ ಹೇಳಿದ್ದು ಸುಳ್ಳಲ್ಲ. ಸುಳ್ಳಾಗಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

"ಹೇಳೋಣ ಅಂತಲೇ ಇದ್ದೆ" ಎಂದ. "ಆದ್ರೆ ನೀನು... ಇಪ್ಪತ್ತಾರು ವರ್ಷದಲ್ಲಿ ನೀನು ನನ್ನ ಹತ್ರ ಅಷ್ಟು ಮೆತ್ತಗೆ ಮಾತಾಡಿದ್ದೇ ಇರ್ಲಿಲ್ಲ. ಪಕ್ಕದಲ್ಲಿ ಕೂತು ಊಟ ಮಾಡಿಸ್ತಿದ್ದೆ. ತಲೆ ಸವರ್ತಿದ್ದೆ. ಚೆನ್ನಾಗಿತ್ತು ಅದು. ಇನ್ನೊಂದು ನಾಲ್ಕು ದಿನ ಇರ್ಲಿ, ಆಮೇಲೆ ಹೇಳೋಣ ಅಂತ..."

ಹಗ್ಗದಕ್ಕ ಅವನನ್ನೇ ನೋಡಿದಳು. ಕಣ್ಣಲ್ಲಿ ನೀರು ಬಂತು. ಆ ನೀರಿಗೂ ಅವಳಿಗೆ ಸಿಟ್ಟು ಬಂತು, ಸೆರಗಿನಿಂದ ಗಸಗಸ ಒರೆಸಿಕೊಂಡಳು. ಎದ್ದು, ಮೂಲೆಯಲ್ಲಿ ಒರಗಿಸಿದ್ದ ಊರುಗೋಲು ತಂದು ಅವನ ಕೈಗೆ ಕೊಟ್ಟಳು. ಡಾಕ್ಟರು ಎರಡು ವಾರದ ಹಿಂದೆಯೇ ನಡೆಯಲು ಹೇಳಿದ್ದರು. ಅವಳೇ, ನೋವಾಗುತ್ತದೆಂದು, ಬೇಡ ಎಂದಿದ್ದಳು.

"ನೀರು ಅಡುಗೆಮನೇಲಿದೆ" ಎಂದಳು.

ಗಂಡ ಅವಳ ಮುಖ ನೋಡಿದ, ಊರುಗೋಲು ನೋಡಿದ. ಆಮೇಲೆ ಮಂಚದಿಂದ ಕಾಲಿಳಿಸಿ, ಹಲ್ಲು ಕಚ್ಚಿ ಎದ್ದು ನಿಂತ. ಟಕ್, ಟಕ್ ಎಂದು ಸದ್ದು ಹೊಸ್ತಿಲು ದಾಟಿತು. ಅವಳು ಕುರ್ಚಿಗೆ ಒರಗಿ, ಎರಡು ಅಂಗೈಗಳನ್ನೂ ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡು ಕೂತಳು. ಒಳಗೆ ಲೋಟವೊಂದು ಕೆಳಗೆ ಬಿದ್ದು, ಠಣಠಣ ಉರುಳಿ, ಎಲ್ಲೋ ಗೋಡೆಗೆ ತಾಗಿ ನಿಂತಿತು. ಅವಳು ಏಳಲಿಲ್ಲ.